ನೇರಳೆ ಪಿಗ್ಮೆಂಟ್ ಇಂಕು ಹಾಕಿದ ಮೇಲೆ ಪೆನ್ನು ಹಟ ಮಾಡುತ್ತಿದೆಯಾ? ಇಂಕಿಗೆ ಬೈಯುವ ಮೊದಲು ಕ್ಯಾಪ್ ನೋಡಿ

ಪಿಗ್ಮೆಂಟ್ ಇಂಕು ತುಂಬಿದ ದಿನ ಹೆಚ್ಚುಕಮ್ಮಿ ಎಲ್ಲ ಫೌಂಟನ್ ಪೆನ್ನುಗಳೂ ಚೆನ್ನಾಗಿಯೇ ಬರೆಯುತ್ತವೆ. ತಕರಾರು ಶುರುವಾಗುವುದು ಮಾರನೇ ದಿನ ಬೆಳಿಗ್ಗೆ, ಇಲ್ಲವೇ ಒಂದಷ್ಟು ದಿನ ಮುಟ್ಟದೆ ಬಿಟ್ಟು ಮತ್ತೆ ಕೈಗೆತ್ತಿಕೊಂಡಾಗ. ನಿಬ್ಬು ಕಾಗದದ ಮೇಲೆ ಓಡುತ್ತದೆ, ಗೆರೆ ಬೀಳುವುದಿಲ್ಲ. ಒದರುತ್ತೀರಿ, ಗೀಚುತ್ತೀರಿ, ನಿಬ್ಬಿನ ತುದಿಯನ್ನು ನೀರಿಗೆ ಅದ್ದುತ್ತೀರಿ. ಪಕ್ಕದಲ್ಲಿದ್ದವರು ಕೂಡಲೇ ತೀರ್ಪು ಕೊಟ್ಟುಬಿಡುತ್ತಾರೆ: "ಪಿಗ್ಮೆಂಟ್ ಇಂಕು ಅಲ್ವಾ, ಕಟ್ಟಿಕೊಂಡಿರುತ್ತೆ ಬಿಡಿ."

ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಏಳೆಂಟು ಕೇಸುಗಳಲ್ಲಿ ತಪ್ಪು ಇಂಕಿನದಲ್ಲ. ಒಂದೋ ಕ್ಯಾಪ್ ಸರಿಯಾಗಿ ಗಾಳಿ ತಡೆಯುತ್ತಿಲ್ಲ, ಇಲ್ಲ ಒಳಗೆ ಹಳೇ ಇಂಕು ಉಳಿದಿದೆ, ಅದೂ ಇಲ್ಲ ಅಂದರೆ ಪೆನ್ನು ತೊಳೆದ ನೀರೇ ಗಡಸು. ಇಂಕಿನ ಮೇಲೆ ಅನುಮಾನ ಪಡುವುದು ಕೊನೆಗೆ. ಅದೇ ಕ್ರಮದಲ್ಲಿ ಹುಡುಕಿಕೊಂಡು ಹೋಗುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನೇರಳೆ ಇಂಕನ್ನೇ ಹಿಡಿದು ಬರೆದಿದ್ದೇನೆ, ಯಾಕಂದರೆ ನೇರಳೆಯಲ್ಲಿ ಮಾತ್ರ ಕಾಣಿಸುವ ಒಂದೆರಡು ಲಕ್ಷಣಗಳಿವೆ. ಕಪ್ಪು, ನೀಲಿ ಪಿಗ್ಮೆಂಟ್ ಇಂಕಿಗೂ ಉಳಿದದ್ದೆಲ್ಲ ಹಾಗೇ ಅನ್ವಯಿಸುತ್ತದೆ.

ಪಿಗ್ಮೆಂಟ್ ಇಂಕು ಒಳಗೆ ಏನು ಮಾಡುತ್ತದೆ

ಸಾದಾ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಅದು ಡೈ ಇಂಕು. ಒಣಗಿದರೂ ಮತ್ತೆ ನೀರು ತಾಗಿಸಿದರೆ ಕರಗುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗಿರುವುದಿಲ್ಲ. ಒಂದು ಮೈಕ್ರಾನ್‌ಗಿಂತ ಚಿಕ್ಕ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ದೂರ ಇಡಲು ಬೇರೊಂದು ರಾಸಾಯನಿಕ ಸೇರಿಸಿರುತ್ತಾರೆ. ಬರೆದ ಮೇಲೆ ನೀರು ಆರಿಹೋಗುತ್ತದೆ, ಕಣಗಳು ಕಾಗದದ ನಾರಿನ ನಡುವೆ ಸಿಕ್ಕಿಕೊಂಡು ಕೂರುತ್ತವೆ. ನೀರು ಬಿದ್ದರೂ ಅಲುಗಾಡುವುದಿಲ್ಲ. ಬಿಸಿಲಿಗೂ ಡೈ ಬಣ್ಣಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ನೇರಳೆಯಲ್ಲಿ ಇದು ದೊಡ್ಡ ಲಾಭ. ನೇರಳೆ ಡೈ ಇಂಕುಗಳಲ್ಲಿ ಹಲವು ಕೆಂಪು ನೀಲಿ ಬಣ್ಣಗಳ ಮಿಶ್ರಣ, ಅದರಲ್ಲಿ ಒಂದು ಬೇಗ ಮಾಸಿದರೆ ಕಿಟಕಿ ಪಕ್ಕ ಇಟ್ಟ ಹಾಳೆಯ ಮೇಲಿನ ಬರಹ ಬರೀ ಗುಲಾಬಿಗೋ ಬರೀ ನೀಲಿಗೋ ತಿರುಗಿಬಿಡುತ್ತದೆ.

ಇಲ್ಲಿ ಒಂದು ಲೆಕ್ಕ ನೆನಪಿಡಿ. ನಿಬ್ಬಿನ ಸೀಳು ಎಷ್ಟೇ ಕಿರಿದಾಗಿದ್ದರೂ ಆ ಕಣಗಳಿಗಿಂತ ಎಷ್ಟೋ ಪಟ್ಟು ಅಗಲ. ಹಾಗಾಗಿ ಒಂಟಿ ಕಣ ನಿಬ್ಬನ್ನು ಕಟ್ಟಿಸಲಾರದು. ಕಟ್ಟಬೇಕಾದರೆ ಎರಡರಲ್ಲಿ ಒಂದು ಆಗಿರಬೇಕು: ಇಂಕು ಒಣಗಿ ಪದರವಾಗಿರಬೇಕು, ಇಲ್ಲವೇ ಕಣಗಳು ಒಂದಕ್ಕೊಂದು ಅಂಟಿ ಗಸಿಯಾಗಿರಬೇಕು. ಒಣಗಲು ಗಾಳಿ ಬೇಕು, ಗಸಿಯಾಗಲು ಹೊರಗಿನ ಏನಾದರೂ ಸೇರಬೇಕು. ಮುಂದೆ ಹೇಳುವುದೆಲ್ಲ ಈ ಎರಡರ ಸುತ್ತಲೇ.

ಮೊದಲು ಬಾಟಲಿ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ನೇರಳೆ ಬಣ್ಣದ್ದೆಲ್ಲ ಫೌಂಟನ್ ಪೆನ್ನಿಗೆ ಆಗುವುದಿಲ್ಲ. ಸ್ಟ್ಯಾಂಪ್ ಪ್ಯಾಡಿಗೆ ಹಾಕುವ ನೇರಳೆ ಇಂಕು ಬೇಡವೇ ಬೇಡ. ಚಿತ್ರಕಲೆಯ ಅಂಗಡಿಯಲ್ಲಿ ಸಿಗುವ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕೂ ಬೇಡ. ಅದರಲ್ಲಿ ಅರಗಿನಂಥ ಅಂಟು ಇರುತ್ತದೆ, ಅದ್ದಿ ಬರೆಯುವ ನಿಬ್ಬಿಗಷ್ಟೇ ಅದು ಸರಿ. ಪೆನ್ನೊಳಗೆ ಒಣಗಿದರೆ ಆ ಪೆನ್ನಿನ ಆಸೆ ಬಿಡಿ. ನಮ್ಮ ಮೈಸೂರಿನ ನೇರಳೆ ಶಾಯಿಯಂತೂ ದೇಶಕ್ಕೇ ಗೊತ್ತು: 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ 1962ರ ಚುನಾವಣೆಯಿಂದ ಮಾಡಿಕೊಡುತ್ತಿರುವ ಮತದಾನದ ಶಾಯಿ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್, ಉಗುರಿನ ಮೇಲೆ ಬೆಳಕು ತಾಗಿ ಕಪ್ಪಾಗುವುದು ಅದರಿಂದಲೇ. ಅದಕ್ಕೂ ಪೆನ್ನಿಗೂ ಸಂಬಂಧವಿಲ್ಲ, ಆದರೂ ಕೇಳುವವರಿದ್ದಾರೆ ಅಂತ ಬರೆದೆ.

ಪೆನ್ನಿಗೆಂದೇ ಮಾಡಿದ ನೇರಳೆ ಪಿಗ್ಮೆಂಟ್ ಇಂಕು ಬೇಕಾದರೆ ಜಪಾನಿನ ಸೇಲರ್ ಕಂಪನಿಯ ಸ್ಟೋರಿಯಾ ಸಾಲಿನಲ್ಲಿ ಮ್ಯಾಜಿಕ್ ಅನ್ನುವುದಿದೆ. ಜರ್ಮನಿಯ ಡಿ ಅಟ್ರಾಮೆಂಟಿಸ್‌ನವರ ಡಾಕ್ಯುಮೆಂಟ್ ಸಾಲಿನಲ್ಲಿ ವಯಲೆಟ್ ಇದೆ. ಜರ್ಮನಿಯದೇ ಆದ ರೋರರ್ ಅಂಡ್ ಕ್ಲಿಂಗ್ನರ್ ಕಂಪನಿಯ ಸ್ಕೇಬಿಯೋಸಾ ಕೂಡ ನೇರಳೆಯೇ, ಅದೂ ನೀರಿಗೆ ಸುಲಭವಾಗಿ ಹೋಗುವುದಿಲ್ಲ, ಆದರೆ ಅದು ಪಿಗ್ಮೆಂಟ್ ಅಲ್ಲ, ಐರನ್ ಗಾಲ್, ಅಂದರೆ ಕಬ್ಬಿಣದ ಲವಣ ಹಾಕಿ ಮಾಡುವ ಇಂಕು. ಈ ವ್ಯತ್ಯಾಸ ಗೊತ್ತಿರಬೇಕು, ಯಾಕಂದರೆ ಎರಡನ್ನೂ ತೊಳೆಯುವ ಕ್ರಮ ಪೂರ್ತಿ ಉಲ್ಟಾ. ಐರನ್ ಗಾಲ್ ಕಟ್ಟಿಕೊಂಡರೆ ಹುಳಿ ಬೇಕು, ವಿಟಮಿನ್ ಸಿ ಪುಡಿ ಕದಡಿದ ನೀರು ಸಾಕು. ಅದಕ್ಕೆ ಅಮೋನಿಯಾ ಹಾಕಿದರೆ ಕಬ್ಬಿಣ ಒಳಗೇ ಗಸಿಯಾಗಿ ಕೂತುಬಿಡುತ್ತದೆ. ಪಿಗ್ಮೆಂಟ್‌ಗೆ ಹುಳಿ ಹಾಕಿದರೂ ಅಷ್ಟೇ ಅನಾಹುತ.

ಬಾಟಲಿಯ ಮೇಲೆ ಏನೂ ಸರಿಯಾಗಿ ಬರೆದಿಲ್ಲವಾ? ಟಿಶ್ಯೂ ಕಾಗದದ ಮೇಲೆ ಒಂದು ಹನಿ ಇಂಕು ಹಾಕಿ, ಪೂರ್ತಿ ಒಣಗಲು ಬಿಡಿ, ಆಮೇಲೆ ಅದರ ನಡುವೆ ಒಂದು ಹನಿ ನೀರು ಬಿಡಿ. ಡೈ ಆಗಿದ್ದರೆ ಗುಲಾಬಿ, ನೀಲಿ ಬಳೆಗಳಾಗಿ ಹೊರಗೆ ಹರಡುತ್ತದೆ, ನೋಡಲು ಚಂದವೇ. ಪಿಗ್ಮೆಂಟ್ ಆಗಿದ್ದರೆ ನೀರು ಮಾತ್ರ ಹರಡುತ್ತದೆ, ನೇರಳೆ ಇದ್ದಲ್ಲೇ ಇರುತ್ತದೆ. ನೇರಳೆ ನಡುವೆ ಗಟ್ಟಿಯಾಗಿ ನಿಂತು ಸುತ್ತ ತೆಳು ಗುಲಾಬಿ ಅಂಚು ಮಾತ್ರ ಬಂದರೆ, ಪಿಗ್ಮೆಂಟ್ ಜೊತೆ ಸ್ವಲ್ಪ ಡೈ ಕೂಡ ಬೆರೆಸಿರಬಹುದು. ಅದು ದೋಷವಲ್ಲ. ಆದರೆ ಅಂಥ ಇಂಕಿನಲ್ಲಿ ಗೆರೆ ಬರೆದು ಮೇಲೆ ಜಲವರ್ಣ ಹಚ್ಚಿದರೆ ಹಳದಿ ಬಣ್ಣಕ್ಕೆ ಗುಲಾಬಿ ಛಾಯೆ ಬರುತ್ತದೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ತಪ್ಪು ಪೆನ್ನಿನದೋ, ಇಂಕಿನದೋ, ಕಾಗದದ್ದೋ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪೆನ್ನು ಬರೆಯದಿದ್ದಾಗ ತೊಳೆದು, ಬೇರೆ ಇಂಕು ಹಾಕಿ, ಬೇರೆ ನೋಟ್‌ಬುಕ್ ತೆಗೆದು ಎಲ್ಲ ಒಟ್ಟಿಗೆ ಮಾಡಿದರೆ ಪೆನ್ನು ಸರಿಹೋಗಬಹುದು, ಕಾರಣ ಮಾತ್ರ ಸಿಗುವುದಿಲ್ಲ, ಮುಂದಿನ ವಾರ ಮತ್ತೆ ಅದೇ ಕಥೆ.

ಮೊದಲು ನೇರಳೆ ಇಂಕಿಗೆ ಒಂದು ಅದ್ದುವ ನಿಬ್ಬು ಅಥವಾ ಗಾಜಿನ ಪೆನ್ನು ಅದ್ದಿ, ನೀವು ದಿನಾ ಬರೆಯುವ ಕಾಗದದ ಮೇಲೆಯೇ ಬರೆದು ನೋಡಿ. ಗೆರೆ ಸಲೀಸಾಗಿ, ಒಂದೇ ಬಣ್ಣದಲ್ಲಿ, ಕಾಳುಕಾಳಾಗದೆ ಬಂದರೆ ಬಾಟಲಿ ಸರಿಯಿದೆ. ಆಮೇಲೆ ತಕರಾರಿನ ಪೆನ್ನನ್ನು ಪೂರ್ತಿ ತೊಳೆದು, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಸಾದಾ ರಾಯಲ್ ಬ್ಲೂ ಹಾಕಿ. ಕ್ಯಾಮೆಲ್, ಬ್ರಿಲ್ ಯಾವುದಾದರೂ ಸರಿ. ಅದರಲ್ಲೂ ಬಿಟ್ಟುಬಿಟ್ಟು ಬರೆದರೆ ಪೆನ್ನಿನಲ್ಲೇ ದೋಷ, ನೇರಳೆ ಇಂಕು ಅದನ್ನು ಎತ್ತಿ ತೋರಿಸಿತು ಅಷ್ಟೇ. ಗೆರೆಯ ಶುರುವಿನಲ್ಲಿ ಮಾತ್ರ ತಪ್ಪಿಸಿ ಮುಂದೆ ಸರಿಯಾಗಿ ಬರೆಯುವ ನಿಬ್ಬುಗಳಿವೆ. ಅವುಗಳ ತುದಿಯನ್ನು ತಯಾರಿಕೆಯಲ್ಲೇ ಅತಿಯಾಗಿ ಉಜ್ಜಿರುತ್ತಾರೆ, ಸೀಳಿನ ಎರಡೂ ಅಂಚು ಒಳಕ್ಕೆ ದುಂಡಗಾಗಿ ಇಂಕು ಕಾಗದಕ್ಕೆ ತಾಗುವುದೇ ಇಲ್ಲ. ಇಂಥ ನಿಬ್ಬಿಗೆ ಯಾವ ಇಂಕು ಹಾಕಿದರೂ ಅದೇ ಹಾಡು. ನಿಬ್ಬು ಬದಲಿಸಿ ಇಲ್ಲವೇ ಉಜ್ಜಲು ಗೊತ್ತಿರುವವರ ಕೈಗೆ ಕೊಡಿ.

ರಾಯಲ್ ಬ್ಲೂ ಸಲೀಸಾಗಿ ಬರೆಯುತ್ತದೆ, ಅದ್ದಿದ ನೇರಳೆಯೂ ಸಲೀಸಾಗಿ ಬರೆಯುತ್ತದೆ, ಪೆನ್ನೊಳಗೆ ಹಾಕಿದರೆ ಮಾತ್ರ ನೇರಳೆ ಹಟ ಮಾಡುತ್ತದೆ ಅಂದಾಗಲೇ ಮುಂದಕ್ಕೆ ಓದಿ.

ಬೆಳಿಗ್ಗೆ ಬರೆಯುವುದಿಲ್ಲ, ಒದ್ದಾಡಿದ ಮೇಲೆ ಬರೆಯುತ್ತದೆ

ಇದು ಕ್ಯಾಪಿನ ಕೆಲಸ. ಕ್ಯಾಪ್ ಹಾಕಿದ್ದರೂ ಒಳಗಿನ ತೇವ ರಾತ್ರಿಯಿಡೀ ಹೊರಗೆ ಹೋಗುತ್ತಿರುತ್ತದೆ. ಡೈ ಇಂಕಿನಲ್ಲಿ ಹೀಗಾದರೆ ಗೊತ್ತೇ ಆಗುವುದಿಲ್ಲ, ಯಾಕಂದರೆ ತುದಿಯಲ್ಲಿ ಒಣಗಿದ ಇಂಕು ಹಿಂದಿನಿಂದ ಬರುವ ಇಂಕಿನಲ್ಲೇ ಕರಗಿಹೋಗುತ್ತದೆ. ಪಿಗ್ಮೆಂಟ್‌ನಲ್ಲಿ ಆ ಪದರ ಕರಗುವುದಿಲ್ಲ.

ಪರೀಕ್ಷೆ ಸುಲಭ. ಪೆನ್ನಿಗೆ ಕ್ಯಾಪ್ ಹಾಕಿ, ಒಂದು ಚಿಕ್ಕ ಜಿಪ್ ಕವರಿನಲ್ಲಿ ಇಡಿ, ಜೊತೆಗೆ ಒದ್ದೆ ಮಾಡಿ ಹಿಂಡಿದ ಹತ್ತಿಯ ಉಂಡೆ ಒಂದನ್ನು ಹಾಕಿ, ಜಿಪ್ ಎಳೆದು ರಾತ್ರಿ ಬಿಡಿ. ಬೆಳಿಗ್ಗೆ ಕವರಿನಿಂದ ತೆಗೆದು ಬರೆಯಿರಿ. ಮೊದಲ ಗೆರೆಯೇ ಬಿದ್ದರೆ, ಕವರಿಲ್ಲದೆ ಇಟ್ಟ ರಾತ್ರಿ ಮಾತ್ರ ಕೈ ಕೊಡುತ್ತಿದೆ ಅಂದರೆ, ಕ್ಯಾಪ್ ಸೋರುತ್ತಿದೆ ಅಂತ ಖಾತ್ರಿ. ಇಂಕಿನ ಮೇಲಿನ ಕೇಸು ಖುಲಾಸೆ.

ಇನ್ನೊಂದು ಒರಟು ಪರೀಕ್ಷೆ: ಕ್ಯಾಪನ್ನು ಚೆನ್ನಾಗಿ ತೊಳೆದು ಒರೆಸಿ, ಬಾಯಿ ಭಾಗವನ್ನು ತುಟಿಗೆ ಒತ್ತಿ ಊದಿ. ಗಾಳಿ ಎಲ್ಲಿಂದಲೋ ಹೊರಗೆ ಹೋದರೆ ತೂತು ಇದೆ. ಆದರೆ ಇದರಲ್ಲಿ ಒಂದು ಮೋಸ ಇದೆ. ಮಕ್ಕಳು ನುಂಗಿದರೂ ಉಸಿರು ಕಟ್ಟದಿರಲಿ ಅಂತ ಹಲವು ಕ್ಯಾಪುಗಳಲ್ಲಿ ಬೇಕೆಂದೇ ತೂತು ಬಿಟ್ಟಿರುತ್ತಾರೆ. ಒಳಗೆ ಇನ್ನೊಂದು ಚಿಕ್ಕ ಒಳಕ್ಯಾಪ್ ಇದ್ದು, ಅದು ನಿಬ್ಬಿನ ಸುತ್ತ ಬಿಗಿಯಾಗಿ ಕೂರುವಂತಿದ್ದರೆ ಹೊರಗಿನ ತೂತಿನಿಂದ ತೊಂದರೆಯಿಲ್ಲ. ಹಾಗಾಗಿ ಟಾರ್ಚ್ ಹಾಕಿ ಕ್ಯಾಪಿನೊಳಗೆ ನೋಡಿ: ಒಳಕ್ಯಾಪ್ ಇದೆಯಾ, ಬಿರುಕು ಬಿಟ್ಟಿದೆಯಾ, ಮೇಲಕ್ಕೆ ಸರಿದುಹೋಗಿದೆಯಾ? ಬಿರುಕಿದ್ದರೆ ಆ ಗೆರೆಯಲ್ಲೇ ನೇರಳೆ ಇಂಕು ಇಳಿದು ಕೂದಲೆಳೆಯಷ್ಟು ತೆಳ್ಳಗೆ ಕಾಣಿಸುತ್ತದೆ. ಈ ಒಂದು ವಿಷಯದಲ್ಲಿ ನೇರಳೆ ಬಣ್ಣ ಉಪಕಾರಿ, ಅದು ಅಡಗುವುದಿಲ್ಲ.

ಪ್ಲಾಟಿನಂ ಕಂಪನಿಯವರು ಇದನ್ನೇ ಯೋಚಿಸಿ ಸ್ಪ್ರಿಂಗ್ ಇರುವ ಒಳಕ್ಯಾಪ್ ಮಾಡಿದ್ದಾರೆ. ಸ್ಲಿಪ್ ಅಂಡ್ ಸೀಲ್ ಅಂತ ಅದರ ಹೆಸರು. ಅವರ 3776 ಸೆಂಚುರಿ ಪೆನ್ನಿನಲ್ಲಿ 24 ತಿಂಗಳವರೆಗೆ ಇಂಕು ಒಣಗದು ಅಂತ ಹೇಳಿಕೊಳ್ಳುತ್ತಾರೆ. ಅಷ್ಟು ದುಡ್ಡು ಹಾಕಬೇಕಾಗಿಲ್ಲ, ಅದೇ ಕಂಪನಿಯ ಅಗ್ಗದ ಪ್ರೆಪ್ಪಿಯಲ್ಲೂ ಆ ಏರ್ಪಾಡು ಇದೆ. ನೇರಳೆ ಪಿಗ್ಮೆಂಟ್ ಇಂಕನ್ನು ಮೊದಲ ಸಲ ಪ್ರಯತ್ನಿಸುವವರಿಗೆ ನಾನು ಹೇಳುವ ಪೆನ್ನು ಅದೇ. ಕಟ್ಟಿಕೊಂಡರೂ ಹೊಟ್ಟೆ ಉರಿಯುವುದಿಲ್ಲ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಫ್ಯಾನ್ ಕೆಳಗೆ ಕ್ಯಾಪ್ ತೆಗೆದು ಯೋಚನೆ ಮಾಡುತ್ತಾ ಕೂತರೆ ನಿಬ್ಬು ಅಷ್ಟರಲ್ಲೇ ಒಣಗುತ್ತದೆ. ಯೋಚನೆ ಮಾಡುವಾಗ ಕ್ಯಾಪ್ ಹಾಕಿ. ಜುಲೈನಲ್ಲಿ ಮಂಗಳೂರಿನವರಿಗೆ ಈ ತೊಂದರೆ ಕಡಿಮೆ, ಆದರೆ ಅಲ್ಲಿ ಕಾಗದವೇ ತೇವ ಎಳೆದುಕೊಂಡಿರುತ್ತದೆ, ಗೆರೆ ಹರಡಿ ದಪ್ಪವಾಗುತ್ತದೆ. ಅದಕ್ಕೆ ಇಂಕನ್ನು ದೂರಬೇಡಿ.

ಅರ್ಧ ಪುಟ ಚೆನ್ನಾಗಿ ಬರೆದು ಆಮೇಲೆ ಸೊರಗುತ್ತದೆ

ಕನ್ವರ್ಟರ್, ಅಂದರೆ ಪೆನ್ನೊಳಗೆ ಇಂಕು ಎಳೆದು ತುಂಬಿಕೊಳ್ಳುವ ಚಿಕ್ಕ ಕೊಳವೆ, ತೆಗೆದು ಬೆಳಕಿಗೆ ಹಿಡಿಯಿರಿ. ಇಂಕು ಹಿಂಭಾಗದಲ್ಲಿ, ಪಿಸ್ಟನ್ ಕಡೆ ಅಂಟಿಕೊಂಡು ನಿಂತಿದೆಯಾ? ಬಾಯಿ ಕಡೆ ಬರೀ ಗಾಳಿಯಾ? ಕಿರಿದಾದ ಕನ್ವರ್ಟರಿನಲ್ಲಿ ಹೀಗಾಗುತ್ತದೆ, ಡೈ ಇಂಕಿನಲ್ಲೂ ಆಗುತ್ತದೆ. ಒಂದೆರಡು ಸಲ ತಟ್ಟಿದರೆ ಇಳಿಯುತ್ತದೆ. ಮತ್ತೆ ಮತ್ತೆ ಆದರೆ ಒಳಗೆ ಚಿಕ್ಕ ಸ್ಟೀಲ್ ಗುಂಡು ಇರುವ ಕನ್ವರ್ಟರ್ ತೆಗೆದುಕೊಳ್ಳಿ. ಪಿಗ್ಮೆಂಟ್‌ಗೆ ಆ ಗುಂಡು ಎರಡು ಕೆಲಸ ಮಾಡುತ್ತದೆ, ಇಂಕನ್ನು ಕೆಳಗೆ ತರುತ್ತದೆ, ಕಣಗಳನ್ನೂ ಕದಡುತ್ತದೆ.

ಇಂಕು ಬಾಯಿಯ ಹತ್ತಿರವೇ ಇದ್ದೂ ಸೊರಗುತ್ತಿದ್ದರೆ ಕನ್ವರ್ಟರ್ ತಿರುಪನ್ನು ಒಂಚೂರು ತಿರುಗಿಸಿ, ನಿಬ್ಬಿನವರೆಗೆ ಇಂಕು ತಳ್ಳಿ, ಬರೆಯಿರಿ. ನಾಲ್ಕೈದು ಸಾಲು ದಟ್ಟವಾಗಿ ಬಂದು ಮತ್ತೆ ತೆಳುವಾದರೆ ಫೀಡ್ ಅರ್ಧ ಕಟ್ಟಿದೆ. ಫೀಡ್ ಅಂದರೆ ನಿಬ್ಬಿನ ಕೆಳಗಿರುವ ಕಪ್ಪು ಭಾಗ, ಅದರ ಬೆನ್ನ ಮೇಲಿರುವ ಸಣ್ಣ ಕಾಲುವೆಯಲ್ಲೇ ಇಂಕು ಹರಿದು ಬರುವುದು. ಈಗ ಭೂತಗನ್ನಡಿ ಬೇಕು. ನಿಬ್ಬಿನ ನಡುವಿನ ತೂತನ್ನು ನೋಡಿ. ಅಲ್ಲಿ ಕಟ್ಟಿಕೊಂಡ ಇಂಕು ನೇರಳೆಯಾಗಿ ಕಾಣಿಸುವುದಿಲ್ಲ, ಬಹುತೇಕ ಕಪ್ಪು, ಓರೆಯಾಗಿ ಬೆಳಕು ಬಿದ್ದರೆ ತಾಮ್ರದಂಥ ಹೊಳಪು. ಅದರ ಮೇಲೆ ಒಂದೇ ಒಂದು ಹನಿ ನೀರು ಬಿಡಿ. ಒಣಗಿದ್ದು ಡೈ ಆಗಿದ್ದರೆ ಕ್ಷಣದಲ್ಲೇ ಹನಿಯೊಳಗೆ ನೇರಳೆ ಎಳೆಗಳು ಇಳಿಯುತ್ತವೆ. ಪಿಗ್ಮೆಂಟ್ ಆಗಿದ್ದರೆ ಹನಿ ತಿಳಿಯಾಗಿಯೇ ಕೂತಿರುತ್ತದೆ. ಸ್ವಲ್ಪ ಕಾದು ಚಿತ್ರ ಬರೆಯುವ ಮೆತ್ತನೆ ಬ್ರಶ್ಶಿನ ತುದಿಯಿಂದ ಮುಟ್ಟಿದರೆ ಚೂರುಚೂರಾಗಿ ಎದ್ದು ಬರುತ್ತದೆ. ನೀರು ಹಾಯಿಸಿದರೆ ಸಾಕಾ, ಬಿಚ್ಚಿ ತಿಕ್ಕಬೇಕಾ ಅನ್ನುವುದನ್ನು ಈ ಒಂದು ಹನಿ ಹೇಳಿಬಿಡುತ್ತದೆ.

ಗಸಿ ಬಂದಿದೆ

ಪೆನ್ನು ತೊಳೆಯುವಾಗ ನೀರಿನಲ್ಲಿ ನೇರಳೆ ಕಾಳುಗಳು, ತುಣುಕುಗಳು ತೇಲುತ್ತಿವೆ ಅಂದರೆ ಒಣಗಿದ್ದಕ್ಕಿಂತ ಬೇರೆ ರೋಗ. ಕಣಗಳನ್ನು ದೂರ ಇಟ್ಟಿದ್ದ ಏರ್ಪಾಡು ಕೆಟ್ಟಿದೆ. ಹಾಲಿಗೆ ನಿಂಬೆಹಣ್ಣು ಹಿಂಡಿದ ಹಾಗೆ, ಇಂಕು ಒಡೆದಿದೆ.

ಮೊದಲ ಅನುಮಾನ ಹಳೇ ಇಂಕಿನ ಮೇಲೆ. ಪೆನ್ನಿನಲ್ಲಿ ಮೊದಲು ಏನಿತ್ತು? ಡೈ ಇಂಕುಗಳಲ್ಲಿ ಕೆಲವು ಸ್ವಲ್ಪ ಹುಳಿ, ಕೆಲವು ಸ್ವಲ್ಪ ಕ್ಷಾರ. ಐರನ್ ಗಾಲ್ ಅಂತೂ ಜೋರು ಹುಳಿ. ಫೀಡಿನ ಸಂದಿಯಲ್ಲಿ ಉಳಿದ ಅಷ್ಟೇ ಅಷ್ಟು ಸಾಕು. "ನೀರು ತಿಳಿಯಾಗಿ ಬಂತು, ತೊಳೆದಾಯಿತು" ಅಂತ ನಿಲ್ಲಿಸಬೇಡಿ. ತೊಳೆದ ಪೆನ್ನನ್ನು ನಿಬ್ಬು ಕೆಳಗೆ ಮಾಡಿ ಟಿಶ್ಯೂ ಮೇಲೆ ನಿಲ್ಲಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಟಿಶ್ಯೂ ಮೇಲೆ ನೀಲಿ ಕಲೆ ಕಂಡರೆ ಇನ್ನೂ ಇದೆ ಅಂತ ಅರ್ಥ. ಇಂಕುಗಳನ್ನು ಬೆರೆಸುವ ಹವ್ಯಾಸ ಇದ್ದವರಿಗೆ: ಡಿ ಅಟ್ರಾಮೆಂಟಿಸ್‌ನ ಡಾಕ್ಯುಮೆಂಟ್ ಇಂಕುಗಳನ್ನು ಅವುಗಳೊಳಗೇ ಒಂದಕ್ಕೊಂದು ಬೆರೆಸಬಹುದು, ಹಾಗೆಂದೇ ಮಾಡಿರುವುದು. ಬೇರೆ ಕಂಪನಿಯದರ ಜೊತೆ ಬೇಡ. ಸಾದಾ ನೀಲಿ, ಕೆಂಪು ಇಂಕು ಸೇರಿಸಿ ನೇರಳೆಯ ಛಾಯೆ ತಿದ್ದುತ್ತೇನೆ ಅನ್ನುವುದಂತೂ ಸುಮ್ನೆ ಮೈಮೇಲೆ ಎಳೆದುಕೊಳ್ಳುವ ಕೆಲಸ.

ಎರಡನೇ ಅನುಮಾನ ನೀರಿನ ಮೇಲೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ನಲ್ಲಿಯ ತುದಿಯಲ್ಲಿ ಬಿಳಿ ಪೊರೆ ಕಟ್ಟಿರುತ್ತದಲ್ಲ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ಪಿಗ್ಮೆಂಟ್ ಕಣಗಳು ಸಾಮಾನ್ಯವಾಗಿ ಋಣ ವಿದ್ಯುದಂಶ ಹೊತ್ತುಕೊಂಡು ಒಂದನ್ನೊಂದು ತಳ್ಳುತ್ತಿರುತ್ತವೆ. ಕ್ಯಾಲ್ಸಿಯಂನದು ಧನ ವಿದ್ಯುದಂಶ. ಅದು ನಡುವೆ ಬಂದರೆ ತಳ್ಳಾಟ ನಿಂತು ಕಣಗಳು ಒಟ್ಟಾಗುತ್ತವೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳ ನೀರು ಇದೇ ಜಾತಿ. ಕಾವೇರಿ ನೀರು ಬರುವವರಿಗೆ ಈ ತಲೆನೋವು ಕಡಿಮೆ. ನಲ್ಲಿ ನೀರಿನಲ್ಲಿ ತೊಳೆಯುವುದೆಲ್ಲ ತೊಳೆದು ಕೊನೆಯ ಸುತ್ತಿಗೆ ಬ್ಯಾಟರಿ ನೀರು ಬಳಸಿ. ಯುಪಿಎಸ್ ಬ್ಯಾಟರಿಗೆ ಹಾಕುತ್ತೀರಲ್ಲ, ಅದೇ ಡಿಸ್ಟಿಲ್ಡ್ ವಾಟರ್. ಒಂದು ಕ್ಯಾನು ತಂದಿಟ್ಟರೆ ಎಷ್ಟೋ ಕಾಲ ಬರುತ್ತದೆ. ಆದರೆ ಅಂಗಡಿಯವನು ಬ್ಯಾಟರಿ ಆಸಿಡ್ ಕೊಡದಂತೆ ಲೇಬಲ್ ಓದಿ ತನ್ನಿ.

ಯಾವುದು ಒಡೆಸುತ್ತಿದೆ ಅಂತ ತಿಳಿಯಲು ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಬೇರೆ ಬೇರೆ ಜಾಗದಲ್ಲಿ ಎರಡೆರಡು ಹನಿ ನೇರಳೆ ಇಂಕು ಹಾಕಿ. ಒಂದಕ್ಕೆ ನಿಮ್ಮ ನಲ್ಲಿ ನೀರು, ಒಂದಕ್ಕೆ ಬ್ಯಾಟರಿ ನೀರು, ಒಂದಕ್ಕೆ ಪೆನ್ನಿನಲ್ಲಿ ಮೊದಲಿದ್ದ ಇಂಕು ಸೇರಿಸಿ, ಮೇಲೆ ಲೋಟ ಬೋರಲು ಹಾಕಿ ಬಿಡಿ. ಕೆಲವು ಗಂಟೆ ಕಳೆದು ತಟ್ಟೆ ವಾಲಿಸಿ ನೋಡಿ. ಸರಿಯಿರುವುದು ಒಂದೇ ಬಣ್ಣದಲ್ಲಿ ಸಮನಾಗಿ ಹರಿಯುತ್ತದೆ, ಒಡೆದದ್ದು ಮರಳಿನಂಥ ಜಾಡು ಬಿಟ್ಟುಕೊಂಡು ಹರಿಯುತ್ತದೆ. ತಟ್ಟೆ ಕೂಡಲೇ ತೊಳೆಯಿರಿ, ಮನೆಯಲ್ಲಿ ಬೈಗುಳ ತಪ್ಪುತ್ತದೆ.

ಬರೆದದ್ದು ಕೈಗೆ ಅಂಟುತ್ತದೆ, ಬಣ್ಣ ಸರಿಯಿಲ್ಲ

ಇದರಲ್ಲಿ ಹೆಚ್ಚಿನದು ಕಾಗದದ ವಿಷಯ. ನುಣುಪು ಲೇಪ ಇರುವ ಕಾಗದದಲ್ಲಿ ಕಣಗಳಿಗೆ ಇಳಿಯಲು ಜಾಗವಿರುವುದಿಲ್ಲ, ಮೇಲೆಯೇ ಕೂರುತ್ತವೆ, ಒಣಗಿದ ಮೇಲೂ ಉಜ್ಜಿದರೆ ಬೆರಳಿಗೆ ನೇರಳೆ ಬರುತ್ತದೆ. ಡೈರಿ, ಗ್ರೀಟಿಂಗ್ ಕಾರ್ಡ್, ಮದುವೆ ಕರೆಯೋಲೆಯ ಕವರುಗಳಲ್ಲಿ ಹೀಗಾಗುತ್ತದೆ. ಹೈಲೈಟರ್ ಎಳೆದರೆ ಅದರ ತುದಿಯೂ ಕೊಳೆಯಾಗುತ್ತದೆ. ಅದೇ ಇಂಕಿನಲ್ಲಿ ಸಾದಾ ನೋಟ್‌ಬುಕ್ಕಿನಲ್ಲಿ ಬರೆದು ಒಂದು ದಿನ ಬಿಟ್ಟು ಉಜ್ಜಿ ನೋಡಿ. ಅಲ್ಲಿ ಏನೂ ಆಗದಿದ್ದರೆ ಕಾಗದ ಬದಲಿಸಿ, ಬೇರೆ ದಾರಿಯಿಲ್ಲ.

ಬಣ್ಣ ದಿನದಿನಕ್ಕೆ ಕಪ್ಪಾಗುತ್ತಾ ಹೋಗಿ ನೇರಳೆ ಅನ್ನುವುದೇ ಗೊತ್ತಾಗುತ್ತಿಲ್ಲ ಅಂದರೆ ಮತ್ತೆ ಕ್ಯಾಪಿನ ಹತ್ತಿರ ಬನ್ನಿ. ನೀರು ಆರಿ ಇಂಕು ಗಟ್ಟಿಯಾಗುತ್ತಿದೆ. ಇದನ್ನು ಬರೆಯುವುದು ನಿಲ್ಲುವುದಕ್ಕೆ ಮುಂಚಿನ ಎಚ್ಚರಿಕೆ ಅಂತಲೇ ತಿಳಿಯಿರಿ. ಈ ಹಂತದಲ್ಲೇ ಪೆನ್ನು ಖಾಲಿ ಮಾಡಿ ತೊಳೆದರೆ ಅರ್ಧ ಗಂಟೆಯ ಕೆಲಸ, ಇನ್ನೂ ಬಿಟ್ಟರೆ ಇಡೀ ಭಾನುವಾರ ಹೋಗುತ್ತದೆ. ಉಲ್ಟಾ, ಬಣ್ಣ ತೆಳುವಾಗಿ ಬರುತ್ತಿದ್ದರೆ ಒಂದೋ ತೊಳೆದ ನೀರು ಫೀಡಿನಲ್ಲಿ ಉಳಿದಿದೆ, ಅದು ಅರ್ಧ ಪುಟದಲ್ಲಿ ಸರಿಹೋಗುತ್ತದೆ, ಇಲ್ಲವೇ ಕಣಗಳು ಬಾಟಲಿಯ ತಳಕ್ಕಿಳಿದಿದ್ದಾಗ ಮೇಲಿನ ತಿಳಿಯನ್ನಷ್ಟೇ ತುಂಬಿದ್ದೀರಿ. ಬಾಟಲಿಯನ್ನು ಮೆಲ್ಲಗೆ ತಲೆಕೆಳಗೆ ಮಾಡಿ, ಮತ್ತೆ ನೇರ ಮಾಡಿ, ಹೀಗೆ ನಾಲ್ಕಾರು ಸಲ. ಕುಲುಕಬೇಡಿ, ನೊರೆ ಬರುತ್ತದೆ, ಆ ನೊರೆ ಕನ್ವರ್ಟರಿಗೆ ಬಂದರೆ ಗಾಳಿ ಸೇರಿ ಹೊಸ ತಕರಾರು.

ತೊಳೆಯುವುದು

ಕಟ್ಟಿದ್ದು ಖಾತ್ರಿಯಾದರೆ ಮೊದಲು ಉಗುರುಬೆಚ್ಚಗೂ ಅಲ್ಲದ ಸಾದಾ ತಣ್ಣೀರು. ಮೆಡಿಕಲ್ ಶಾಪಿನಿಂದ 5 ಎಂಎಲ್ ಸಿರಿಂಜ್ ತಂದು, ಸೂಜಿ ಬಿಸಾಡಿ, ಪೆನ್ನಿನ ಹಿಂಭಾಗಕ್ಕೆ ಹಿಡಿದು ಮೆಲ್ಲಗೆ ನೀರು ಹಾಯಿಸಿ. ಸಿರಿಂಜಿನ ಮೂತಿಗೂ ಪೆನ್ನಿಗೂ ನಡುವೆ ಹಳೇ ಕಾರ್ಟ್ರಿಡ್ಜಿನ (ಇಂಕು ತುಂಬಿಯೇ ಬರುವ ಪ್ಲಾಸ್ಟಿಕ್ ಕೊಳವೆ) ಬಾಯಿ ಕತ್ತರಿಸಿ ಸಿಕ್ಕಿಸಿದರೆ ನೀರು ಚಿಮ್ಮುವುದಿಲ್ಲ. ಆಮೇಲೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ ನಿಬ್ಬಿನ ಭಾಗವನ್ನು ಮುಳುಗಿಸಿ ಬಿಡಿ. ಬಿಚ್ಚಲು ಬರುವ ನಿಬ್ಬಾದರೆ ಬಿಚ್ಚಿ, ಫೀಡಿನ ಕಾಲುವೆಯನ್ನು ಮೆತ್ತನೆ ಟೂತ್‌ಬ್ರಶ್ಶಿನಿಂದ ಉದ್ದಕ್ಕೆ ತಿಕ್ಕಿ. ಪಿಗ್ಮೆಂಟ್ ಕರಗಿ ಹೋಗುವುದಕ್ಕಿಂತ ಕಿತ್ತು ಹೋಗುವುದೇ ಹೆಚ್ಚು, ಹಾಗಾಗಿ ಬರೀ ನೆನೆಸಿಟ್ಟರೆ ಸಾಲದು.

ಇಷ್ಟಕ್ಕೂ ಬರದಿದ್ದರೆ ಅಲ್ಟ್ರಾಸೋನಿಕ್ ಯಂತ್ರ, ನೀರಿನಲ್ಲಿ ಶಬ್ದದ ಅಲೆ ಹಾಯಿಸಿ ಕೊಳೆ ಬಿಡಿಸುವಂಥದ್ದು. ಕೊಳ್ಳಬೇಕಾಗಿಲ್ಲ, ಕನ್ನಡಕದ ಅಂಗಡಿಯಲ್ಲೋ ಚಿನ್ನದಂಗಡಿಯಲ್ಲೋ ಇರುತ್ತದೆ, ಪರಿಚಯದವರಾದರೆ ಎರಡು ನಿಮಿಷ ಹಾಕಿಕೊಡುತ್ತಾರೆ. ನಿಬ್ಬು ಫೀಡ್ ಮಾತ್ರ ಕೊಡಿ, ಇಡೀ ಪೆನ್ನು ಬೇಡ. ಒಂದು ಚಿಕ್ಕ ಕವರಿಗೆ ನೀರು ಹಾಕಿ ಅದರೊಳಗಿಟ್ಟು ಕೊಡಿ, ಅವರ ತೊಟ್ಟಿಯೆಲ್ಲ ನೇರಳೆ ಆದರೆ ಮುಂದಿನ ಸಲ ಕೊಡುವುದಿಲ್ಲ.

ಅಮೋನಿಯಾ ಬಗ್ಗೆ ವಿದೇಶದವರು ಬರೆದಿರುವುದನ್ನು ಓದಿರುತ್ತೀರಿ, ಹತ್ತು ಭಾಗ ನೀರಿಗೆ ಒಂದು ಭಾಗ ಅಮೋನಿಯಾ ಅಂತ. ಅವರು ಹೇಳುವುದು ಮನೆಬಳಕೆಯ ತೆಳು ಅಮೋನಿಯಾ. ನಮ್ಮ ಕೆಮಿಕಲ್ ಅಂಗಡಿಯಲ್ಲಿ ಸಿಗುವುದು ಅದಕ್ಕಿಂತ ಎಷ್ಟೋ ಗಾಢ, ಮುಚ್ಚಳ ತೆಗೆದರೆ ಕಣ್ಣು ಉರಿಯುತ್ತದೆ. ಆ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಹಿತ್ತಾಳೆ ಭಾಗಗಳಿಗೂ ಅಮೋನಿಯಾ ಆಗದು, ಬ್ಲೀಚ್ ಜೊತೆ ಸೇರಿದರೆ ವಿಷ ಗಾಳಿ ಬರುತ್ತದೆ. ಪೆನ್ನು ತೊಳೆಯಲೆಂದೇ ಸಿದ್ಧಮಾಡಿ ಮಾರುವ ದ್ರವಗಳಿವೆ, ಅದನ್ನೇ ತನ್ನಿ. ಸ್ಪಿರಿಟ್, ಸ್ಯಾನಿಟೈಸರ್, ಥಿನ್ನರ್ ಯಾವುದೂ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಬಾಡಿ ಬಿರುಕು ಬಿಡುತ್ತದೆ. ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನಿಗೆ ಬಿಸಿನೀರು ತಾಗಿಸಿದರೆ ಕಪ್ಪು ಹೋಗಿ ಕಂದು ಹಸಿರಾಗುತ್ತದೆ, ಹೋದ ಕಪ್ಪು ತಾನಾಗಿ ಮತ್ತೆ ಬರುವುದಿಲ್ಲ.

ಪಾರದರ್ಶಕ ಪೆನ್ನಿನ ಒಳಗೋಡೆಯಲ್ಲಿ ಉಳಿದ ತೆಳು ನೇರಳೆ ಛಾಯೆಗೆ ತಲೆ ಕೆಡಿಸಿಕೊಳ್ಳಬೇಡಿ. ಬರವಣಿಗೆಗೆ ಅದರಿಂದ ಏನೂ ಆಗದು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಒರೆಸಿ, ಹೋದಷ್ಟು ಹೋಗಲಿ.

ಯಾವ ಪೆನ್ನಿಗೆ ಹಾಕಬಾರದು

ನಿಬ್ಬು ಪೂರ್ತಿ ಮುಚ್ಚಿರುವ, ಹೀರೋ 616 ಥರದ ಪೆನ್ನುಗಳಿಗೆ ಬೇಡ, ಒಳಗೆ ಏನಾಗಿದೆ ಅಂತ ಕಾಣುವುದೇ ಇಲ್ಲ. ಬಿಚ್ಚಲು ಬಾರದ ಪಿಸ್ಟನ್ ಪೆನ್ನು, ರಬ್ಬರ್ ಚೀಲದ ಹಳೇ ಪೆನ್ನು, ಅಜ್ಜನ ಕಾಲದ್ದು ಅಂತ ಜೋಪಾನ ಮಾಡಿದ ಪೆನ್ನು, ಯಾವುದಕ್ಕೂ ಬೇಡ. ಡ್ರಾಪರಿನಲ್ಲಿ ತುಂಬುವ ನಮ್ಮ ದೇಶಿ ಎಬೊನೈಟ್ ಪೆನ್ನುಗಳ ವಿಷಯದಲ್ಲಿ ನನಗೆ ಎರಡು ಮನಸ್ಸು. ಬಿಚ್ಚಿ ತೊಳೆಯಲು ಅವು ಬಲು ಸುಲಭ. ಆದರೆ ಇಂಕು ಕಾಲು ಭಾಗಕ್ಕೆ ಇಳಿದಾಗ ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ನಿಬ್ಬಿನಿಂದ ತೊಟ್ಟಿಕ್ಕುತ್ತದೆ, ಮತ್ತೆ ಈ ಇಂಕು ಶರ್ಟಿನ ಜೇಬಿಗೆ ಬಿದ್ದರೆ ಯಾವ ಸೋಪೂ ತೆಗೆಯಲಾರದು. ಅರ್ಧಕ್ಕೆ ಬಂದಾಗಲೇ ಮತ್ತೆ ತುಂಬುವ ಶಿಸ್ತು ಇದ್ದರೆ ಹಾಕಿ.

ಕೊನೆಗೂ ಇಂಕೇ ಕೆಟ್ಟಿದೆ ಅನ್ನುವುದು ಯಾವಾಗ

ಬಾಟಲಿಯನ್ನು ತಲೆಕೆಳಗೆ ಮಾಡಿ ಕದಡಿದ ಮೇಲೂ ತಳದಲ್ಲಿ ಗಟ್ಟಿ ಪದರ ಉಳಿದಿದ್ದರೆ, ಮರದ ಕಡ್ಡಿ ಇಳಿಸಿದಾಗ ತುದಿಗೆ ಮೆತ್ತಿಕೊಂಡು ಬಂದರೆ ಅದು ಮತ್ತೆ ಪೆನ್ನಿಗೆ ಬರುವ ಇಂಕಲ್ಲ. ಮೇಲೆ ಪೊರೆ, ನೂಲಿನಂಥ ಎಳೆ, ಹಳಸಿದ ವಾಸನೆ ಇದ್ದರೆ ಬೂಷ್ಟು ಬಂದಿದೆ. ಅದನ್ನು ಸೋಸಿ ಬಳಸುತ್ತೇನೆ ಅನ್ನಬೇಡಿ, ಬೂಷ್ಟು ಪೆನ್ನಿಂದ ಪೆನ್ನಿಗೆ, ಬಾಟಲಿಯಿಂದ ಬಾಟಲಿಗೆ ಹಬ್ಬುತ್ತದೆ. ಪೆನ್ನಿನಲ್ಲಿ ಮಿಕ್ಕ ಇಂಕನ್ನು ಮತ್ತೆ ಬಾಟಲಿಗೆ ಸುರಿಯುವ ಅಭ್ಯಾಸ ಇದ್ದವರಿಗೆ ಇದು ಜಾಸ್ತಿ ಆಗುತ್ತದೆ. ಗಸಿ ಕಟ್ಟಿದ್ದಷ್ಟೇ ಆದರೆ, ಬೂಷ್ಟು ಇಲ್ಲದಿದ್ದರೆ, ಬಾಟಲಿ ಎಸೆಯಬೇಕಾಗಿಲ್ಲ. ಪೆನ್ನಿಗೆ ಆಗದಿದ್ದರೂ ಬ್ರಶ್ಶಿಗೆ, ಅದ್ದುವ ನಿಬ್ಬಿಗೆ ಆಗುತ್ತದೆ. ಬಾಟಲಿಯ ಮೇಲೆ ದೊಡ್ಡದಾಗಿ "ಪೆನ್ನಿಗಲ್ಲ" ಅಂತ ಚೀಟಿ ಅಂಟಿಸಿ ಇಡಿ.